ಗಜಲಕ್ಷ್ಮಿಯ ಆನೆಗಳಿಗೆ ಗರಗಸ

ಕೇಳಿದಿರಾ ಸ್ನೇಹಿತರೇ, ಇವತ್ತು ಸಾಗರ ಪೇಟೆಯಲ್ಲಿ ಬಡಗಿಯಾದ ನನಗೆ ಎರಡು ಆನೆಗಳನ್ನು ಕೊಯ್ದು ಹಾಕಲು ಅಪ್ಪಣೆಯಾಯಿತು. ಅಪ್ಪಣೆ ಕೊಟ್ಟವರು ಅಣೆಕಟ್ಟಿಗೆ ಕಲ್ಲು ಪೂರೈಸುವ ಕಂಟ್ರಾಕ್ಟರ್ ಸಾಹೇಬರು. ಆ ಅಣೆಕಟ್ಟಿನ ನೀರಲ್ಲಿ ಮುಳುಗಡೆಯಾಗುವ ಹಳೆಯ ಮನೆಯೊಂದರ ಕೆತ್ತನೆಯ ಬಾಗಿಲುವಾಡವನ್ನು ಕೊಂಡು ತಂದಿದ್ದರು. ಅದರ ಮೇಲುಪಟ್ಟಿಯಲ್ಲಿ ಗಜಲಕ್ಷ್ಮಿ. ಎರಡೂ ಕಡೆಯಿಂದ ಆನೆಗಳು ಅವಳ ತಲೆಗೆ ನೀರು ಹೊಯ್ಯುತ್ತಿವೆ. ಅದನ್ನು ಅವರ ಹೊಸ ಸಿಮೆಂಟಿನ ಮನೆಗೆ ಕೂರಿಸುವುದು ನನ್ನ ಕೆಲಸ. ಅಳೆದು ನೋಡಿದರೆ ಗೋಡೆಯಲ್ಲಿ ಬಿಟ್ಟ ಜಾಗ ಒಂದು ಮೊಳ ಕಡಿಮೆ.

"ಗೋಡೆ ಒಡೀಬೇಕು," ಎಂದೆ.

"ಸಿಮೆಂಟ್ ಗೋಡೆ ಯಾರಾದ್ರೂ ಒಡೀತಾರೇನ್ರೀ ಆಚಾರ್ರೇ? ಮರ ಕೊಯ್ರಿ. ಆಚೆ ಒಂದು ಆನೆ, ಈಚೆ ಒಂದು ಆನೆ ತೆಗೀರಿ. ಲಕ್ಷ್ಮಿ ಉಳಿದ್ರೆ ಸಾಕು."

"ಮತ್ತೆ ಅವಳಿಗೆ ನೀರು ಹೊಯ್ಯೋರು ಯಾರು?"

"ಮನೇಲಿ ನಲ್ಲಿ ಹಾಕ್ಸಿದೀನಲ್ಲ!"

ನನಗೆ ಮೈಯೆಲ್ಲ ಉರಿದುಹೋಯಿತು. ಯಾವ ಪುಣ್ಯಾತ್ಮ ಎಷ್ಟು ತಿಂಗಳು ಕೂತು ಕೆತ್ತಿದ್ದನೋ! ಗರಗಸವನ್ನು ಸಾಹೇಬರ ಕೈಗೇ ಕೊಟ್ಟೆ.

"ತಗೊಳ್ಳಿ, ನೀವೇ ಕೊಯ್ರಿ. ದೋಷ ಏನಿದ್ರೂ ಕೊಯ್ದೋರಿಗೆ."

ಸಾಹೇಬರು ಆನೆಗಳನ್ನು ನೋಡಿದರು, ಗರಗಸವನ್ನು ನೋಡಿದರು, ಮೆಲ್ಲಗೆ ಅದನ್ನು ಕೆಳಗಿಟ್ಟರು.

"ಗಾರೆಯವ್ರನ್ನ ಕರೆಸ್ತೀನಿ. ಗೋಡೇನೇ ಒಡೀಲಿ ಅತ್ಲಾಗೆ."

ಸಂಜೆಯ ಹೊತ್ತಿಗೆ ಹೊಸ ಗೋಡೆ ಪುಡಿಯಾಗಿ ಅಂಗಳದಲ್ಲಿ ಬಿದ್ದಿತ್ತು. ಊರೂರನ್ನೇ ಮುಳುಗಿಸುವ ಕಟ್ಟೆಗೆ ಅಂಜದೆ ಕಲ್ಲು ಹಾಕಿದ ಕೈ, ಒಂದು ತಂಬಿಗೆ ನೀರು ಹೊಯ್ಯುವ ಮರದ ಆನೆಗಳ ಮುಂದೆ ಗರಗಸ ಕೆಳಗಿಟ್ಟಿತು.