ಬೇಕೆಂದೇ ಸೇರದಂತೆ ಮಾಡಿದ ಪ್ಲಗ್ಗು

ಕಳೆದ ತಿಂಗಳು ಪೀಣ್ಯದ ಒಂದು ಕಾರ್ಖಾನೆಗೆ ಹೋಗಿ ಅಲ್ಲಿನ ಸೇಲ್ಸ್ ಮ್ಯಾನೇಜರರ ಮೇಜು ಗುದ್ದಿ ಬಂದೆ. ಟೀ ಲೋಟ ಉರುಳಿ ಅವರ ಫೈಲು ಒದ್ದೆಯಾಯಿತು. ಕ್ಷಮೆ ಕೇಳಲಿಲ್ಲ. ಈಗಲೂ ಕೇಳುವುದಿಲ್ಲ.

ಜಗಳ ಯಾವುದಕ್ಕೆ ಅಂತೀರಾ? ವಿಡಿಯೋ ಗೇಮಿಗೆ. (ನಗಬೇಡಿ. ಪೂರ್ತಿ ಕೇಳಿ.)

ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ, ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಅಚ್ಚು, ಬಿಡಿಭಾಗಗಳನ್ನು ತಿದ್ದಿ ಕೂಡಿಸುವ ಫಿಟ್ಟರ್ ಆಗಿದ್ದವರು. ಹೋದ ವರ್ಷ ಲಕ್ವ ಹೊಡೆದು ಬಲಗೈ ಬೆರಳುಗಳು ಮರಗಟ್ಟಿದವು. ಹಿಸುಕಲೆಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಎರಡೇ ದಿನಕ್ಕೆ ಮೂಲೆಗೆ ಎಸೆದರು. “ಈ ವಯಸ್ಸಲ್ಲಿ ನಂಗೆ ಚೆಂಡಾಟ ಬೇರೆ ಕೇಡು” ಎಂದು ಮುಖ ತಿರುಗಿಸಿದರು.

ಆಗ ನಮ್ಮ ಮನೆಯವರು ಎಕ್ಸಿಬಿಷನ್ನಿನಿಂದ ಒಂದು ಟಿವಿ ಗೇಮ್ ತಂದರು. ಟಿವಿಗೆ ಸಿಕ್ಕಿಸುವ ಕಪ್ಪು ಡಬ್ಬಿ, ಅದರಿಂದ ವೈರಿನಲ್ಲಿ ಬಂದ ಒಂದು ನಾಬ್. ನಾಬ್ ತಿರುಗಿಸಿದರೆ ಪರದೆಯ ಮೇಲೆ ಒಂದು ಗೆರೆ ಮೇಲೆ ಕೆಳಗೆ ಓಡಿ ಚುಕ್ಕೆಯನ್ನು ಹೊಡೆಯುತ್ತದೆ. ಅಷ್ಟೇ ಆಟ. ಮಾವ ಮೊದಲು ಎಡಗೈಯಲ್ಲಿ ಆಡಿದರು. ಸೋತರು. ಮತ್ತೆ ಸೋತರು. ಸಿಟ್ಟು ಬಂದು ಬಲಗೈ ಹಚ್ಚಿದರು! ಮೂರು ತಿಂಗಳಾಗುವಷ್ಟರಲ್ಲಿ ಅಂಗಿಯ ಗುಂಡಿಗಳನ್ನು ತಾವೇ ಹಾಕಿಕೊಂಡರು. ನಮ್ಮತ್ತೆ ಅಡುಗೆಮನೆಗೆ ಹೋಗಿ ಅತ್ತುಬಿಟ್ಟರು.

ಆಮೇಲೆ ನಾಬ್ ಸವೆದು ಕೈಕೊಟ್ಟಿತು. ಅಂಗಡಿಯಲ್ಲಿ ಅದೇ ಕಂಪನಿಯ ಹೊಸ ನಾಬ್ ಇತ್ತು, ತಂದೆವು. ಅದರ ವೈರಿನ ತುದಿಯ ಪ್ಲಗ್ಗು ಡಬ್ಬಿಯೊಳಗೆ ಹೋಗಲೇ ಇಲ್ಲ. ಅಂಗಡಿಯವನನ್ನು ಕೇಳಿದರೆ, ಇದು ಹೊಸ ಮಾಡೆಲ್ಲಿನದಂತೆ, ಹಳೆಯದಕ್ಕೆ ಹಿಡಿಯುವುದಿಲ್ಲವಂತೆ. ಹಳೆಯದು ಅಂದರೆ ಎಷ್ಟು ಹಳೆಯದು? ಒಂದು ವರ್ಷವೂ ತುಂಬಿಲ್ಲ! ಮಾವ ಮತ್ತೆ ಕೈ ಕಟ್ಟಿ ಕೂತರು. ವಾರ ಕಳೆಯುವಷ್ಟರಲ್ಲಿ ಬೆರಳುಗಳು ಮತ್ತೆ ತಡವರಿಸತೊಡಗಿದವು.

ಡಬ್ಬಿ, ನಾಬು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಪೀಣ್ಯದ ಬಸ್ಸು ಹತ್ತಿದೆ.

ಮ್ಯಾನೇಜರು ಟೈ ಕಟ್ಟಿದ್ದರು, ಒಳ್ಳೆಯ ಮಾತುಗಾರರು, ಟೀ ತರಿಸಿದರು. “ಆ ಮಾಡೆಲ್ ಕ್ಲೋಸ್ ಆಯ್ತು ಮೇಡಂ. ಎಕ್ಸ್‌ಚೇಂಜ್ ಆಫರ್ ಇದೆ, ಹೊಸ ಸೆಟ್ ತಗೊಂಬಿಡಿ.”

“ಡಬ್ಬಿ ಚೆನ್ನಾಗೇ ಇದೆ ಕಣ್ರೀ. ಪ್ಲಗ್ ಯಾಕೆ ಬದಲಾಯಿಸಿದ್ರಿ?”

“ಹಳೇದಕ್ಕೆ ಹಿಡಿದ್ಬಿಟ್ರೆ ಹೊಸ ಸೆಟ್ ಯಾರು ತಗೋತಾರೆ? ಅದೇ ಸ್ಟ್ರಾಟಜಿ. ಫಾರಿನ್ನಲ್ಲಿ ದೊಡ್ಡ ದೊಡ್ಡ ಗೇಮ್ ಕಂಪನಿಗಳು ಮಾಡೋದೂ ಇದನ್ನೇ ಮೇಡಂ.”

ನಾಚಿಕೆಯಿಂದ ಹೇಳಿದ್ದಲ್ಲ, ಹೆಮ್ಮೆಯಿಂದ ಹೇಳಿದ್ದು.

ಕಿಟಕಿಯಾಚೆ ಅಂಗಳದಲ್ಲಿ ಒಬ್ಬ ಹೆಂಗಸು ಕೂತು ಸುತ್ತಿಗೆಯಿಂದ ಏನೋ ಕುಟ್ಟುತ್ತಿದ್ದಳು. ದಿಟ್ಟಿಸಿ ನೋಡಿದೆ. ನಾಬುಗಳು! ಹಳೇ ಮಾಡೆಲ್ಲಿನವು, ಹೊಸದಾಗಿ ಹೊಳೆಯುತ್ತಿದ್ದವು, ರಾಶಿ ರಾಶಿ. ಮಾವನ ಬೆರಳಿನ ಕಥೆ ಹೇಳಿ, ಒಂದೇ ಒಂದು ಕೊಡಿ, ದುಡ್ಡು ತಗೊಳ್ಳಿ ಎಂದೆ.

“ಅದು ಸ್ಕ್ರ್ಯಾಪ್ ಮೇಡಂ. ಹೊರಗೆ ಹೋದ್ರೆ ಜನ ಹಳೇ ಸೆಟ್ಟಲ್ಲೇ ವರ್ಷಗಟ್ಟಲೆ ಆಡ್ಕೊಂಡಿರ್ತಾರೆ. ಪಾಲಿಸಿ. ನಾನೇನೂ ಮಾಡೋಕಾಗಲ್ಲ.”

ಮೇಜು ಗುದ್ದಿದ್ದು ಆಗಲೇ. ನಾವು ಆಡುತ್ತಲೇ ಇದ್ದರೆ ಅವರಿಗೆ ನಷ್ಟವಂತೆ! ಆಟ ಮಾರುವವರು ಆಡುವ ಮಾತೇ ಇದು?

ಹೊರಬಂದವಳು ಆ ಹೆಂಗಸಿನ ಮುಂದೆ ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಅವಳಿಗೆ ಗೊತ್ತಾಯಿತು. “ಕೇಳ್ಬ್ಯಾಡ ಕಣಕ್ಕ. ಎಣ್ಸಿ ಕೊಟ್ಟವ್ರೆ. ಒಂದ್ ಕಮ್ಮಿ ಆದ್ರೂ ನನ್ ಕೆಲ್ಸ ಓಯ್ತದೆ. ಚೆನ್ನಾಗಿರೋದ್ನೇ ಒಡಿ ಅಂತ ಏಳವ್ರೆ. ನಂಗೂ ಒಟ್ಟೆ ಉರೀತದೆ” ಎಂದಳು. ನಾನು ನಾಬು ಕೇಳಲಿಲ್ಲ. ಗೇಟು ದಾಟುವವರೆಗೂ ಸುತ್ತಿಗೆಯ ಸದ್ದು ಕೇಳಿಸುತ್ತಿತ್ತು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಮಾವ ಹೊಸ ಪ್ಲಗ್ಗನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದರು. ಡಬ್ಬಿಯ ತೂತನ್ನೂ ನೋಡಿದರು. “ಒಳಗಿನ ಪಿನ್ನೆಲ್ಲಾ ಅದೇ ಕಣಮ್ಮಾ. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಏಣು ಇಟ್ಟಿದಾರೆ, ಅಡ್ಡ ಬರ್ಲಿ ಅಂತ. ನನ್ನ ಅರ ತಗೊಂಬಾ.”

ಟ್ರಂಕಿನಿಂದ ಸಣ್ಣ ಅರ ತಂದುಕೊಟ್ಟೆ. ನಮ್ಮವರು ತಾವೇ ಉಜ್ಜಿಕೊಡುವುದಾಗಿ ಹೇಳಿದರು. ಮಾವ ಗದರಿಸಿದರು. ಎಡಗೈಯಲ್ಲಿ ಪ್ಲಗ್ಗು, ನಡುಗುವ ಬಲಗೈಯಲ್ಲಿ ಅರ. ಹತ್ತು ಸಲ ಉಜ್ಜುವುದು, ಸುಧಾರಿಸಿಕೊಳ್ಳುವುದು. ಅರ ಎಷ್ಟು ಸಲ ನೆಲಕ್ಕೆ ಬಿತ್ತೋ! ಎರಡು ದಿನ ಹಿಡಿಯಿತು. ಭಾನುವಾರ ಬೆಳಿಗ್ಗೆ ಪ್ಲಗ್ಗು ಟಕ್ಕೆಂದು ಕೂತಿತು. ಪರದೆಯ ಮೇಲೆ ಗೆರೆ ಓಡಿತು. ಅತ್ತೆ ಚಪ್ಪಾಳೆ ತಟ್ಟಿದರು.

ಮಾವ ಮಾತ್ರ ನಗಲಿಲ್ಲ. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡೇ ಇರಲಿಲ್ಲ. “ಒಂದಕ್ಕೊಂದು ಸೇರ್ಲಿ ಅಂತ ನಾವು ಮೂವತ್ತು ವರ್ಷ ಕೂದಲೆಳೆ ಲೆಕ್ಕದಲ್ಲಿ ತಿದ್ದಿದ್ವಿ. ಸೇರದೇ ಇರ್ಲಿ ಅಂತ ಯಾವನೋ ಫಿಟ್ಟರ್ ಕೈಲಿ ಈ ಅಚ್ಚು ಮಾಡಿಸಿದಾರಲ್ಲಮ್ಮಾ, ಅವನಿಗೆ ರಾತ್ರಿ ನಿದ್ದೆ ಹೇಗೆ ಬಂತು?”

ನಡೆದದ್ದನ್ನೆಲ್ಲ ವಿವರವಾಗಿ ಕಂಪನಿಗೆ ಬರೆದೆ. ಮೊನ್ನೆ ಉತ್ತರ ಬಂತು, ಟೈಪ್ ಮಾಡಿದ ಎರಡೇ ಸಾಲು. ತಾವು ಪ್ಲಗ್ಗನ್ನು ತಿದ್ದಿರುವುದರಿಂದ ಗ್ಯಾರಂಟಿ ರದ್ದಾಗಿದೆ, ಇನ್ನು ಮುಂದೆ ಹೀಗೆ ಮಾಡಕೂಡದು.

ಮಾಡಕೂಡದಂತೆ! ದುಡ್ಡು ಕೊಟ್ಟು ಮನೆಗೆ ತಂದ ಮೇಲೆ ಆ ವಸ್ತು ನಮ್ಮದೋ, ಅವರದೋ?