ಬೀಡಿಗೆ ಹೋದ ನಮ್ಮ ಓಣಿ ತಿಪ್ಪಿ

ಮದಿವಿಯಾಗಿ ಪ್ಯಾಟ್ಯಾಗಿನ ರಾಮತೀರ್ಥ ನಗರಕ್ಕ ಬಂದಾಗ ನನಗ ಮನಿ ನೋಡೂದಕ್ಕಿಂತ ಕಸಾ ನೋಡೂದ ಹೆಚ್ಚಾಗಿತ್ತು. ನಗಬ್ಯಾಡ್ರಿ, ಖರೇನ ಹೇಳಾಕತ್ತೀನಿ. ಎರಡ ಸಾವಿರದ ಇಸವಿಯ ಆಜೂಬಾಜು ಅದು. ದಿನಕ್ಕೊಂದು ಹೊಸಾ ಮನಿ ಏಳತಿತ್ತು, ಕಸದ ಗಾಡಿ ಮಾತ್ರ ಇತ್ತಾಗ ಹಾಯತಿದ್ದಿಲ್ಲ. ನಮ್ಮ ಬಾಜೂ ಖಾಲಿ ಸೈಟಿಗೆ ಓಣಿ ಮಂದಿಯೆಲ್ಲಾ ಒಗೀತಿದ್ರು. ಯಾರ ಮನ್ಯಾಗ ಬದನಿಕಾಯಿ, ಯಾರ ಮನ್ಯಾಗ ಮೀನಾ, ಕಟ್ಟಿ ಮ್ಯಾಲೆ ಕುಂತ ನನಗ ಎಲ್ಲಾ ಗೊತ್ತಾಗತಿತ್ತು.

ಒಮ್ಮೆ ನನ್ನ ತವರೂರು ಬೀಡಿಯಿಂದ ಅಪ್ಪ ಬಂದ. ಚಾ ಕುಡಿಯೂಕಿಂತ ಮೊದಲ ಆ ಸೈಟಿನ್ಯಾಗ ಹೋಗಿ ನಿಂತ. "ಯವ್ವಾ, ಇಷ್ಟ ಗೊಬ್ಬರ ಹಿಂಗ ಬಿಟ್ಟೀರಲ್ಲ, ನಿಮ್ಮ ಮಂದಿಗೆ ಬುದ್ಧಿ ಐತೋ ಇಲ್ಲೋ!" ಅಂದ. ಅವನ ಕಣ್ಣಿಗೆ ಊರ ತಿಪ್ಪೀನೂ ಒಂದ, ಪ್ಯಾಟಿ ತಿಪ್ಪೀನೂ ಒಂದ. ನನಗೂ ಹಂಗ. ಕೆದರಿ ಕೆದರಿ ನೋಡಾಕಿಗೆ ಪ್ಲಾಸ್ಟಿಕ್ ಕೊಳಿಯೂದಿಲ್ಲ ಅನ್ನೂದು ತಲಿಗೇ ಹೊಳೀಲಿಲ್ಲ. ಬ್ಯಾಸಗಿ ಮುಗಿಯೂದ್ರಾಗ ಅಪ್ಪ ಟ್ರ್ಯಾಕ್ಟರ್ ತಂದು ಎರಡ ಖೇಪ ಒಯ್ದು ಗದ್ದಿಗೆ ಹರವಿದ. ನಾನ ಮುಂದ ನಿಂತ ತುಂಬಿಸಿದ್ನಿ, ಹೆಮ್ಮಿ ಬ್ಯಾರೆ!

ಮಳಿ ಬಿದ್ದು ಭತ್ತದ ನಾಟಿ ಹಚ್ಚೂ ಮುಂದ ಊರಿಗೆ ಹೋದ್ನಿ. ಗದ್ದಿ ನೀರ ಮ್ಯಾಲೆ ಹಾಲಿನ ಪಾಕೀಟ, ಕರೀ ಕ್ಯಾರಿಬ್ಯಾಗ ತೇಲಾಕತ್ತಿದ್ವು. ಅವ್ವ ಹಿಮ್ಮಡಾ ಹಿಡಕೊಂಡು ಬದುವಿನ ಮ್ಯಾಲೆ ಕುಂತಿದ್ಲು. ಗಾಜು ನಟ್ಟಿತ್ತು. ಭೂಮಿ ಬಾಯಿ ಬಿಟ್ಟು ನನ್ನ ನುಂಗಬಾರದಾ ಅನಿಸಿತು.

"ನನಗ ಬೈಯಪ್ಪಾ" ಅಂದ್ನಿ.

"ನಿನಗ್ಯಾಕ ಬೈಲಿ? ಕಣ್ಣಿದ್ದ ಕುರುಡ ನಾ" ಅಂದು, ಬಗ್ಗಿ ಒಂದೊಂದ ಪಾಕೀಟ ಆರಸಾಕ ಹತ್ತಿದ. "ಇನ್ನ ಪ್ಯಾಟಿ ಗೊಬ್ಬರ ನನ್ನ ಹೊಲಕ್ಕ ಬ್ಯಾಡ."

ಆ ಮಾತು ಬೈಗಳಕ್ಕಿಂತ ಹೆಚ್ಚ ಚುಚ್ಚಿತು. ತಿರುಗಿ ಬಂದಾಕಿ ಎರಡ ಬುಟ್ಟಿ ಇಟ್ನಿ, ಹಸೀದು ಒಂದ್ರಾಗ, ಒಣಾದು ಒಂದ್ರಾಗ. ಎದುರಮನಿ ಮರಾಠಿ ವೈನಿ, "ಕಸಕ್ಕೂ ಮಡಿ ಮೈಲಿಗೀ ಏನ್ರೀ?" ಅಂತ ನಕ್ಕಳು. ನಕ್ರ ನಗಲಿ! ಎಂಟ ದಿನದಾಗ ಆಕಿನೂ ಇಟ್ಲು, ಹಂಗ ಆರ ಮನಿ ಆದ್ವು. ಹಸೀ ಕಸಾ ನಮ್ಮ ಹಿತ್ತಲ ತಗ್ಗಿಗೆ ಹಾಕಿ ಮಣ್ಣ ಮುಚ್ಚತಿದ್ವಿ. ದಿನಾ ಮುಂಜೇನೆ ತಗದು ಇಣುಕಾಕಿ ನಾನ. ಬಾಳಿಸಿಪ್ಪಿ ನಾಕ ದಿನಕ್ಕ ಕರ್ರಗಾಗತೈತಿ, ಈ ತತ್ತಿಸಿಪ್ಪಿ ಯಾಕ ಕರಗವಲ್ದು?

ಮುಂದಿನ ಬ್ಯಾಸಗ್ಯಾಗ ಅಪ್ಪ ಬಂದ. ತಗ್ಗಿನ ದಂಡಿಗೆ ನಿಂತ. ಸಲಿಕಿ ಕೊಡಾಕ ಹೋದ್ನಿ, ತಗೊಳ್ಳಲಿಲ್ಲ. ಅಂಗಿ ತೋಳ ಏರಿಸಿ ಬರಿಗೈ ಮೊಣಕೈ ಮಟಾ ಒಳಗ ಹಾಕಿದ. ಆರ ಮನ್ಯಾಗ ಒಬ್ಬಾಕಿ ಮರತು ಒಂದ ಬಳಿಚೂರು ಹಾಕಿದ್ರ?

ಕೈ ತಗದ. ಮುಷ್ಟಿ ತುಂಬ ಕರೀ ಗೊಬ್ಬರ ಮೂಗಿಗೆ ಹಿಡದ, ಅಂಗೈಯಾಗ ತಿಕ್ಕಿದ.

"ಚೀಲ ಅದಾವೇನ ಮನ್ಯಾಗ?" ಅಂದ. "ನಿಮ್ಮವ್ವ ಮೆಣಸಿನಕಾಯಿ ಗಿಡಾ ಹಚ್ಚಾಕತ್ತಾಳ. ಆಕಿಗೆ ಒಯ್ತೀನಿ."