ಹಲಗೆಯ ಮೇಲಿನ ಅಚ್ಚು ಬೆಲ್ಲ

ಕಬ್ಬು ಅರೆಯುವ ದಿನಗಳಲ್ಲಿ ಭಾರತೀನಗರದ ನಮ್ಮ ಕಾಲೇಜಿನ ಕಿಟಕಿ ತೆರೆದರೆ ಸಾಕು, ಸಕ್ಕರೆ ಕಾರ್ಖಾನೆಯ ಸಿಹಿ ವಾಸನೆ ಪಾಠದ ನಡುವೆಯೇ ನುಗ್ಗಿಬಿಡುತ್ತದೆ. ಅದು ಬೆಲ್ಲದ ವಾಸನೆಯಲ್ಲ, ಬೆಲ್ಲದ ದೂರದ ದಾಯಾದಿ ಅಷ್ಟೆ. ಆದರೂ ನನ್ನ ಮೂಗು ಪ್ರತಿಸಲ ಮೋಸಹೋಗುತ್ತದೆ. ಮೊನ್ನೆ ಪಿಯುಸಿ ಮಕ್ಕಳಿಗೆ ಘರ್ಷಣೆಯ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಒಂದರ ಮೇಲೊಂದು ಎರಡು ಚೌಕ ಬರೆದು, ಕೆಳಗಿನದನ್ನು ಮುಂದಕ್ಕೆ ಎಳೆದರೆ ಮೇಲಿನದರ ಮೇಲೆ ಘರ್ಷಣೆ ಯಾವ ಕಡೆಗೆ ಎಂದು ಕೇಳಿದೆ. ಇಡೀ ತರಗತಿ ಹಿಂದಕ್ಕೆ ಎಂದಿತು. ಪ್ರತಿ ವರ್ಷವೂ ಹೀಗೇ. ಘರ್ಷಣೆ ಎಂದರೆ ಬರೀ ತಡೆಯುವುದು ಎಂದು ಇವರ ತಲೆಗೆ ಯಾರು ತುಂಬುತ್ತಾರೋ! ನನಗೆ ಇದನ್ನು ಕಲಿಸಿದ್ದು ಪುಸ್ತಕವಲ್ಲ, ಅಕ್ಷರ ಬಾರದ ನಮ್ಮ ದೊಡ್ಡವ್ವ.

ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ಎರಡು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡ ನನ್ನನ್ನು ಸಾಕಿದವಳು. ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಅವರ ಆಲೆಮನೆ ಇತ್ತು. ಕೊಪ್ಪರಿಗೆಯಲ್ಲಿ ಕೊತಗುಟ್ಟುವ ಪಾಕ, ಒಲೆಯಲ್ಲಿ ಉರಿಯುವ ಕಬ್ಬಿನ ಸಿಪ್ಪೆಯ ಹೊಗೆ, ಅವಳ ಸೆರಗಿಗೂ ಅದೇ ವಾಸನೆ. ಆರಿದ ಅಚ್ಚು ಬೆಲ್ಲವನ್ನು ಹಲಗೆಯ ಮೇಲೆ ಪೇರಿಸಿ, ಹಗ್ಗ ಕಟ್ಟಿ, ಒಳಕೋಣೆಗೆ ಎಳೆದೊಯ್ಯುವುದು ನಮ್ಮಿಬ್ಬರ ಕೆಲಸ. ನನಗೋ ಎಲ್ಲದಕ್ಕೂ ಆತುರ. ಒಂದು ಸಲ ನಾನು ಜಗ್ಗಿದ ರಭಸಕ್ಕೆ ಹಲಗೆ ಮುಂದೆ ಹೋಯಿತು, ಬೆಲ್ಲದ ಅಚ್ಚುಗಳು ಹಿಂದಕ್ಕೆ ಉರುಳಿದವು. ಬೈಗುಳ ಗ್ಯಾರಂಟಿ ಎಂದು ಕುಗ್ಗಿ ನಿಂತರೆ, ಒಡೆದ ಚೂರನ್ನು ನನ್ನ ಬಾಯಿಗೇ ಹಾಕಿದಳು.

"ಮೆತ್ತಗೆ ಎಳೀಬೇಕು ಕಣವ್ವ. ಮೆತ್ತಗೆ ಎಳುದ್ರೆ ಮ್ಯಾಲಿರಾದೂ ಜೊತೇಲೇ ಬತ್ತದೆ. ಜಗ್ಗಿಬುಟ್ರೆ ಅದು ಹಿಂದ್ಲೇ ಉಳ್ಕತದೆ."

ನನಗೆ ಹತ್ತು ತುಂಬಿದಾಗ, ಮಂಡ್ಯದಲ್ಲಿ ಗುಮಾಸ್ತನಾಗಿದ್ದ ಅಪ್ಪ ಒಂದು ಮಧ್ಯಾಹ್ನ ಬಂದು, ನಾಳೆಯೇ ಅಲ್ಲಿಯ ಶಾಲೆಗೆ ಸೇರಿಸಬೇಕು, ಈಗಲೇ ಹೊರಡು ಎಂದ. ಅವನಿಗೆ ಮರುಮದುವೆಯಾಗಿ ಆರು ತಿಂಗಳಾಗಿತ್ತು. ದೊಡ್ಡವ್ವ ಜಗಳವಾಡಲಿಲ್ಲ. ಮಗಳು ನಿನ್ನವಳೇ, ಆದರೆ ಮೊದಲು ವಾರಕ್ಕೆರಡು ದಿನ ಕರೆದುಕೊಂಡು ಹೋಗು, ಅಭ್ಯಾಸವಾಗಲಿ ಎಂದಷ್ಟೇ ಕೇಳಿಕೊಂಡಳು. "ಒಂದೇ ಸಲಕ್ಕೆ ಜಗ್ಗಬ್ಯಾಡ ಕಣಪ್ಪ," ಎಂದಳು. ಅಪ್ಪನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಅಂದೇ ಸಂಜೆ ಅಪ್ಪ ನನ್ನನ್ನು ಬಸ್ಸು ಹತ್ತಿಸಿದ. ದೊಡ್ಡವ್ವ ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ನನ್ನ ಅಂಗೈ ಹಿಡಿದಳು. ಪಾಕದ ಕೈ ತೊಳೆಯದೆ ಓಡಿಬಂದಿದ್ದಳು. ಬಸ್ಸು ಮೆಲ್ಲನೆ ಹೊರಟಾಗ ಪಕ್ಕದಲ್ಲೇ ನಡೆದಳು, ಆಮೇಲೆ ಓಡಿದಳು. ಡ್ರೈವರು ಗೇರು ಬದಲಾಯಿಸಿದ. ಕೈ ಜಾರಿತು. ಅಂಗೈಯ ಅಂಟು ಹಾಗೇ ಇರಲಿ ಎಂದು ಮರುದಿನದವರೆಗೆ ನಾನು ಕೈ ತೊಳೆಯಲಿಲ್ಲ. ಮಂಡ್ಯದಲ್ಲಿ ಯಾರೂ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಆದರೂ, ಅಪ್ಪನ ಮನೆಯಲ್ಲೇ ಇದ್ದುಕೊಂಡೂ ಎಷ್ಟೋ ವರ್ಷ ನಾನು ಅಲ್ಲಿಗೆ ಹೋಗಿ ತಲುಪಲೇ ಇಲ್ಲ.

ಈಗ ಆಲೆಮನೆಯ ಜಾಗದಲ್ಲಿ ಪೆಟ್ರೋಲ್ ಬಂಕಿದೆ. ದೊಡ್ಡವ್ವನೂ ಇಲ್ಲ. ಮೊನ್ನೆ ಬೋರ್ಡಿನಲ್ಲಿ ಬಾಣವನ್ನು ಮುಂದಕ್ಕೆ ಬರೆದು, ಮೇಲಿನದನ್ನು ಜೊತೆಗೆ ಕರೆದೊಯ್ಯುವುದೇ ಈ ಘರ್ಷಣೆ, ಆದರೆ ಅದಕ್ಕೂ ಒಂದು ಮಿತಿಯಿದೆ ಎಂದೆ. ಮಿತಿ ಮೀರಿದರೆ ಏನಾಗುತ್ತೆ ಮಿಸ್ ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಸೀಮೆಸುಣ್ಣದ ಅಂಗೈಯನ್ನು ಮುಚ್ಚಿಕೊಂಡು, ಹಿಂದೆಯೇ ಉಳಿದುಬಿಡುತ್ತದೆ ಕಣಮ್ಮ ಎಂದೆ.